ಮೂಳೆಯ ನೆರಳನ್ನು ಓದಲು ಕಲಿತ ಯಂತ್ರ

ಮೂಳೆ ಶಸ್ತ್ರಚಿಕಿತ್ಸೆಗೆ ಕೃತಕ ಬುದ್ಧಿಮತ್ತೆ ಬಂದಿದೆ ಎಂಬ ಸುದ್ದಿ ಸಾಮಾನ್ಯ ಓದುಗರನ್ನು ತಲುಪಿರುವುದು ಬಹುಮಟ್ಟಿಗೆ ಆಸ್ಪತ್ರೆಗಳ ಜಾಹೀರಾತು ಫಲಕಗಳ ಮೂಲಕ. ಆ ಫಲಕಗಳಲ್ಲಿ ಕಾಣುವುದು ಆಪರೇಷನ್ ಥಿಯೇಟರಿನಲ್ಲಿ ರೋಗಿಯ ಮಂಡಿಯ ಮೇಲೆ ಬಾಗಿ ನಿಂತ ಯಾಂತ್ರಿಕ ತೋಳು. ಅದರ ಪಕ್ಕದಲ್ಲಿ ದಪ್ಪಕ್ಷರದ ‘ಎಐ’. ಯೋಚಿಸಬಲ್ಲ ಯಂತ್ರವೊಂದು ತಾನೇ ಮೂಳೆಯನ್ನು ಕೊಯ್ದು ಕೂಡಿಸುತ್ತದೆ ಎಂಬ ಕಲ್ಪನೆ ಇದರಿಂದ ಜನರಲ್ಲಿ ಮೂಡಿದ್ದರೆ ಆಶ್ಚರ್ಯವಿಲ್ಲ. ವಾಸ್ತವದಲ್ಲಿ ಯಾಂತ್ರಿಕ ತೋಳು ಒಂದು, ಕೃತಕ ಬುದ್ಧಿಮತ್ತೆ ಮತ್ತೊಂದು. ತೋಳು ಎಂಬುದು ವೈದ್ಯರು ಮೊದಲೇ ಗೊತ್ತುಮಾಡಿದ ಗೆರೆಯನ್ನು ಮೀರದಂತೆ ಗರಗಸವನ್ನು ನಡೆಸುವ ಸಾಧನ. ಅದರ ಪೂರ್ವಜ ಯಂತ್ರಗಳು ರೋಗಿಗಳ ಮೇಲೆ ಕೆಲಸ ಮಾಡತೊಡಗಿದ್ದು ಇಂದಿನ ಬಗೆಯ ಕೃತಕ ಬುದ್ಧಿಮತ್ತೆ ಪ್ರಬಲವಾಗುವುದಕ್ಕೆ ಇಪ್ಪತ್ತು ವರ್ಷ ಮುಂಚೆಯೇ. ಕೃತಕ ಬುದ್ಧಿಮತ್ತೆಯ ನಿಜವಾದ ಕೆಲಸ ನಡೆಯುತ್ತಿರುವುದು ಹೆಚ್ಚಾಗಿ ಶಸ್ತ್ರವನ್ನು ಕೈಗೆತ್ತಿಕೊಳ್ಳುವ ಮೊದಲಿನ ಹಂತಗಳಲ್ಲಿ, ಎಂದರೆ ಎಕ್ಸ್‌ರೇಯಲ್ಲಿ ಮುರಿತವನ್ನು ಹುಡುಕುವುದರಲ್ಲಿ, ಸ್ಕ್ಯಾನ್‌ನಿಂದ ಮೂಳೆಯ ಆಕಾರವನ್ನು ಬಿಡಿಸಿ ತೆಗೆಯುವುದರಲ್ಲಿ, ಕೃತಕ ಕೀಲಿನ ಅಳತೆಯನ್ನು ಅಂದಾಜು ಮಾಡುವುದರಲ್ಲಿ. ಈ ಕೆಲಸ ಫಲಕದ ಮೇಲೆ ಚೆನ್ನಾಗಿ ಕಾಣಿಸದು, ಆದರೆ ರೋಗಿಯ ಹಣೆಬರಹ ಬಹಳ ಸಲ ನಿರ್ಧಾರವಾಗುವುದು ಇಲ್ಲಿಯೇ.

ವೈದ್ಯಶಾಸ್ತ್ರದ ಶಾಖೆಗಳಲ್ಲಿ ಮೂಳೆಚಿಕಿತ್ಸೆ ಇಂಥ ತಂತ್ರಜ್ಞಾನಕ್ಕೆ ಬೇಗ ತೆರೆದುಕೊಂಡದ್ದಕ್ಕೆ ಕಾರಣಗಳಿವೆ. 1895ರಲ್ಲಿ ರಾಂಟ್‌ಗೆನ್ ಕ್ಷಕಿರಣವನ್ನು ಕಂಡುಹಿಡಿದಂದಿನಿಂದ ಮೂಳೆಯೆಂಬುದು ಮೈ ಕೊಯ್ಯದೆ ನೋಡಬಹುದಾದ ಅಂಗವಾಗಿದೆ. ಸುಣ್ಣದ ಅಂಶ ಹೆಚ್ಚಿರುವುದರಿಂದ ಅದು ಸುತ್ತಲಿನ ಮಾಂಸಕ್ಕಿಂತ ಸ್ಪಷ್ಟವಾಗಿ ಚಿತ್ರದಲ್ಲಿ ಮೂಡುತ್ತದೆ. ಮೂಳೆ ವೈದ್ಯರ ನಿರ್ಧಾರಗಳೂ ಬಹುಪಾಲು ಅಳತೆಯ ಮೇಲೆ ನಿಂತಿರುವಂಥವು. ಬೆನ್ನುಮೂಳೆಯ ಓರೆ ಎಷ್ಟು ಡಿಗ್ರಿ, ತೊಡೆಮೂಳೆಗೂ ಕಣಕಾಲಿನ ಮೂಳೆಗೂ ನಡುವಿನ ಕೋನ ಎಷ್ಟು, ಮುರಿದ ತುಂಡು ಎಷ್ಟು ಮಿಲಿಮೀಟರ್ ಸರಿದಿದೆ ಎಂಬ ಪ್ರಶ್ನೆಗಳಿಗೆ ಸಿಗುವ ಉತ್ತರವೇ ಪಟ್ಟಿ ಕಟ್ಟುವುದೋ ಶಸ್ತ್ರಚಿಕಿತ್ಸೆ ಮಾಡುವುದೋ ಎಂಬುದನ್ನು ತೀರ್ಮಾನಿಸುತ್ತದೆ. ಬೆನ್ನಿನ ಓರೆಯನ್ನು ಅಳೆಯಲು ಅಮೆರಿಕದ ಜಾನ್ ಕಾಬ್ 1948ರಲ್ಲಿ ವಿವರಿಸಿದ ಕೋನ ಇಂದಿಗೂ ಬಳಕೆಯಲ್ಲಿದೆ. ಒಂದೇ ಚಿತ್ರವನ್ನು ಇಬ್ಬರು ಅನುಭವಿಗಳು ಅಳೆದರೂ ಐದು ಡಿಗ್ರಿಯಷ್ಟು ವ್ಯತ್ಯಾಸ ಬರುವುದು ಅಪರೂಪವೇನಲ್ಲ. ದಣಿವಿಲ್ಲದೆ ಒಂದೇ ಬಗೆಯಲ್ಲಿ ಅಳೆಯಬಲ್ಲ ಸಾಧನಕ್ಕೆ ಇಲ್ಲಿ ಸಹಜವಾಗಿಯೇ ಜಾಗವಿದೆ.

ಈ ಸಾಧನ ಕಲಿಯುವ ರೀತಿಯನ್ನು ಸ್ವಲ್ಪ ವಿವರವಾಗಿ ತಿಳಿಯದಿದ್ದರೆ ಅದರ ಬಲವೂ ದೌರ್ಬಲ್ಯವೂ ಅರ್ಥವಾಗುವುದಿಲ್ಲ. ಹಳೆಯ ಕಾಲದ ಕಂಪ್ಯೂಟರ್ ಕಾರ್ಯಕ್ರಮಗಳಲ್ಲಿ ಮುರಿತವೆಂದರೆ ಹೇಗಿರುತ್ತದೆ ಎಂಬ ನಿಯಮಗಳನ್ನು ಮನುಷ್ಯರೇ ಬರೆದು ಕೊಡಬೇಕಾಗಿತ್ತು. ಈಗ ಬಳಕೆಯಲ್ಲಿರುವ ಕೃತಕ ನರಜಾಲಕ್ಕೆ ಅಂಥ ನಿಯಮ ಕೊಡುವುದಿಲ್ಲ. ಚಿತ್ರದ ಚುಕ್ಕೆಗಳನ್ನು ಪದರ ಪದರವಾಗಿ ಲೆಕ್ಕಹಾಕುತ್ತ ಹೋಗುವ, ಲಕ್ಷಾಂತರ ತಿದ್ದಬಲ್ಲ ಸಂಖ್ಯೆಗಳುಳ್ಳ ಒಂದು ಗಣಿತ ವ್ಯವಸ್ಥೆಯೇ ಈ ನರಜಾಲ. ಅದರ ಮುಂದೆ ಮುರಿತವಿರುವ ಮತ್ತು ಇಲ್ಲದ ಸಾವಿರಾರು ಎಕ್ಸ್‌ರೇಗಳನ್ನು ವೈದ್ಯರ ತೀರ್ಪಿನೊಂದಿಗೆ ಇಡಲಾಗುತ್ತದೆ, ಅದು ತಪ್ಪು ಉತ್ತರ ಕೊಟ್ಟಾಗಲೆಲ್ಲ ಒಳಗಿನ ಸಂಖ್ಯೆಗಳು ಸ್ವಲ್ಪಸ್ವಲ್ಪವಾಗಿ ತಿದ್ದಲ್ಪಡುತ್ತವೆ, ಮತ್ತು ಹೀಗೆ ತಿದ್ದುತ್ತ ಹೋದಂತೆ ತಪ್ಪುಗಳು ಕಡಿಮೆಯಾಗುತ್ತವೆ. ಕೊನೆಗೆ ದೊರೆಯುವ ವ್ಯವಸ್ಥೆ ಹೊಸ ಚಿತ್ರವನ್ನು ನೋಡಿ ಮುರಿತದ ಸಂಭವ ಎಷ್ಟೆಂದು ಹೇಳಬಲ್ಲದು, ಅನುಮಾನದ ಜಾಗಕ್ಕೊಂದು ಚೌಕ ಹಾಕಿ ತೋರಿಸಬಲ್ಲದು. ಅದು ನಿಜವಾಗಿ ಬಿರುಕನ್ನೇ ನೋಡಿ ಹೇಳಿತೋ ಬೇರೆ ಯಾವುದೋ ಗುರುತನ್ನು ಹಿಡಿದು ಹೇಳಿತೋ ಎಂಬುದು ಮಾತ್ರ ಅದರ ಉತ್ತರದಿಂದ ತಿಳಿಯುವುದಿಲ್ಲ.

ಈ ವಿಧಾನವನ್ನು ಮೂಳೆಚಿತ್ರಗಳಿಗೆ ದೊಡ್ಡ ಪ್ರಮಾಣದಲ್ಲಿ ಅನ್ವಯಿಸಿದ ಆರಂಭದ ಪ್ರಯತ್ನಗಳಲ್ಲಿ ಸ್ವೀಡನ್ನಿನದು ಮುಖ್ಯವಾದದ್ದು. ಸ್ಟಾಕ್‌ಹೋಮಿನ ಡಾಂಡರಿಡ್ ಆಸ್ಪತ್ರೆಯಲ್ಲಿ ಸಂಗ್ರಹವಾಗಿದ್ದ ಕೈ, ಮಣಿಕಟ್ಟು ಮತ್ತು ಪಾದದ ಗಂಟಿನ ಸುಮಾರು 2,56,000 ಎಕ್ಸ್‌ರೇಗಳನ್ನು ಬಳಸಿ ನಡೆದ ಆ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಮುರಿತವನ್ನು ಗುರುತಿಸುವುದರಲ್ಲಿ ನರಜಾಲ ಶೇ. 83ರಷ್ಟು ಸರಿಯುತ್ತರ ಕೊಟ್ಟು ಇಬ್ಬರು ಹಿರಿಯ ಮೂಳೆ ವೈದ್ಯರಿಗೆ ಸಮನಾಗಿ ನಿಂತಿತು. ಆದರೆ ಆ ವೈದ್ಯರಿಗೆ ತೋರಿಸಿದ್ದು ಯಂತ್ರ ನೋಡುತ್ತಿದ್ದ ಕುಗ್ಗಿಸಿದ ಚಿತ್ರಗಳನ್ನೇ ಹೊರತು ಅವರು ದಿನನಿತ್ಯ ನೋಡುವ ಪೂರ್ಣ ಸ್ಪಷ್ಟತೆಯ ಚಿತ್ರಗಳನ್ನಲ್ಲ. ‘ಯಂತ್ರ ವೈದ್ಯರನ್ನು ಸರಿಗಟ್ಟಿತು’ ಎಂಬ ಶೀರ್ಷಿಕೆಗಳಲ್ಲಿ ಇಂಥ ಸಣ್ಣ ಷರತ್ತುಗಳಿಗೆ ಎಡೆಯಿರುವುದಿಲ್ಲ.

ಇದಕ್ಕಿಂತ ಉಪಯುಕ್ತವಾದ ಪ್ರಶ್ನೆಯನ್ನು ಕೇಳಿದ್ದು 2018ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನ. ಯಂತ್ರ ಗೆಲ್ಲುತ್ತದೆಯೋ ವೈದ್ಯರೋ ಎಂಬುದನ್ನು ಬದಿಗಿಟ್ಟು, ತುರ್ತು ಚಿಕಿತ್ಸಾ ವಿಭಾಗದ ವೈದ್ಯರು ಯಂತ್ರದ ನೆರವು ಪಡೆದರೆ ಏನಾಗುತ್ತದೆ ಎಂಬುದನ್ನು ಅದು ಪರೀಕ್ಷಿಸಿತು. ಹದಿನೆಂಟು ಮಂದಿ ಹಿರಿಯ ಮೂಳೆ ಶಸ್ತ್ರಚಿಕಿತ್ಸಕರು ಗುರುತು ಹಾಕಿಕೊಟ್ಟ 1,35,409 ಎಕ್ಸ್‌ರೇಗಳಿಂದ ಕಲಿತಿದ್ದ ನರಜಾಲ, ಮಣಿಕಟ್ಟಿನ ಮುರಿತಗಳ ವಿಷಯದಲ್ಲಿ ತುರ್ತು ವಿಭಾಗದ ವೈದ್ಯರ ಸಂವೇದನಶೀಲತೆಯನ್ನು ಶೇ. 80.8ರಿಂದ 91.5ಕ್ಕೂ ನಿರ್ದಿಷ್ಟತೆಯನ್ನು ಶೇ. 87.5ರಿಂದ 93.9ಕ್ಕೂ ಏರಿಸಿತು. ಮುರಿತ ಇರುವವರಲ್ಲಿ ಎಷ್ಟು ಜನರನ್ನು ಸರಿಯಾಗಿ ಹಿಡಿಯಲಾಯಿತು ಎಂಬುದು ಸಂವೇದನಶೀಲತೆ. ಇಲ್ಲದವರಲ್ಲಿ ಎಷ್ಟು ಜನರನ್ನು ಸರಿಯಾಗಿ ಬಿಡಲಾಯಿತು ಎಂಬುದು ನಿರ್ದಿಷ್ಟತೆ. ಪೆಟ್ಟು ಬಿದ್ದು ಬಂದ ಸಾವಿರ ಜನರಲ್ಲಿ ನೂರು ಜನರಿಗೆ ನಿಜವಾಗಿ ಮೂಳೆ ಮುರಿದಿದೆ ಎಂದಿಟ್ಟುಕೊಂಡರೆ ಈ ಅಂಕಿಗಳ ಅರ್ಥ ಹೀಗಾಗುತ್ತದೆ: ನೆರವಿಲ್ಲದ ವೈದ್ಯರು ಸುಮಾರು ಹತ್ತೊಂಬತ್ತು ಮುರಿತಗಳನ್ನು ಕಾಣದೆ ಬಿಡುತ್ತಾರೆ, ಮುರಿಯದ ಸುಮಾರು ನೂರ ಹನ್ನೆರಡು ಜನರನ್ನು ಮುರಿದಿದೆಯೆಂದು ತಿಳಿಯುತ್ತಾರೆ, ನೆರವಿನೊಂದಿಗೆ ಕೈತಪ್ಪುವುದು ಎಂಟೋ ಒಂಬತ್ತೋ ಮುರಿತ, ಸುಳ್ಳು ಎಚ್ಚರಿಕೆ ಸುಮಾರು ಐವತ್ತೈದು. ಲಾಭ ದೊಡ್ಡದೇ. ಆದರೂ ಯಂತ್ರದ ನೆರವಿದ್ದಾಗಲೂ ಮನೆಗೆ ಹಿಂದಿರುಗುವ ಎಂಟೊಂಬತ್ತು ಜನರ ಮುರಿದ ಮೂಳೆ ಅಲ್ಲಿಯೇ ಇರುತ್ತದೆ.

ಅದೇ 2018ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ, ವಯಸ್ಕರ ಮಣಿಕಟ್ಟಿನ ಮುರಿತವನ್ನು ಗುರುತಿಸುವ ‘ಆಸ್ಟಿಯೋಡಿಟೆಕ್ಟ್’ ಎಂಬ ಸಾಫ್ಟ್‌ವೇರನ್ನು ಮಾರಲು ಅನುಮತಿ ನೀಡಿತು. ಆಮೇಲೆ ಬಂದ ಸಾಧನಗಳು ಹೆಚ್ಚುಕಡಿಮೆ ಕೈಕಾಲುಗಳ ಎಲ್ಲ ಮೂಳೆಗಳಿಗೂ ವಿಸ್ತರಿಸಿದವು. ಬ್ರಿಟನ್ನಿನಲ್ಲಿ ಚಿಕಿತ್ಸಾ ವಿಧಾನಗಳ ಯೋಗ್ಯತೆಯನ್ನು ತೂಗಿ ನೋಡುವ ‘ನೈಸ್’ ಸಂಸ್ಥೆ 2025ರ ಆರಂಭದಲ್ಲಿ ಇಂಥ ನಾಲ್ಕು ಸಾಫ್ಟ್‌ವೇರುಗಳನ್ನು ಅಲ್ಲಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಬಳಸಬಹುದೆಂದು ಹೇಳಿತು. ಬಳಸುತ್ತಲೇ ಇನ್ನಷ್ಟು ಸಾಕ್ಷ್ಯ ಸಂಗ್ರಹಿಸಬೇಕು, ಚಿತ್ರವನ್ನು ಆರೋಗ್ಯ ಸಿಬ್ಬಂದಿಯೂ ನೋಡಲೇಬೇಕು ಎಂಬ ಷರತ್ತುಗಳು ಅದರ ಜೊತೆಗಿದ್ದವು. ಕರ್ನಾಟಕಕ್ಕೆ ಈ ವಿಷಯ ಅಪರಿಚಿತವಲ್ಲ. ಅಮೆರಿಕದ ಆಸ್ಪತ್ರೆಗಳಲ್ಲಿ ರಾತ್ರಿ ತೆಗೆದ ಸ್ಕ್ಯಾನ್‌ಗಳನ್ನು ಬೆಂಗಳೂರಿನ ಹಗಲಿನಲ್ಲಿ ಓದಿ ವರದಿ ಕಳುಹಿಸುವ ದೂರರೇಡಿಯಾಲಜಿ ಉದ್ಯಮ ಇಲ್ಲಿ 2002ರಲ್ಲಿಯೇ ಶುರುವಾಗಿತ್ತು. ಚಿತ್ರ ಒಂದೆಡೆ, ಓದುವವರು ಇನ್ನೊಂದೆಡೆ ಎಂಬ ವ್ಯವಸ್ಥೆಗೆ ಒಗ್ಗಿಹೋದ ಆ ಉದ್ಯಮದಲ್ಲಿ ಓದುವವರ ಪಕ್ಕಕ್ಕೆ ಈಗ ಯಂತ್ರವೂ ಬಂದು ಕುಳಿತಿದೆ.

ಯಂತ್ರದ ದೌರ್ಬಲ್ಯವನ್ನು ಬಯಲಿಗೆ ತಂದ ಅಧ್ಯಯನಗಳಲ್ಲಿ ನ್ಯೂಯಾರ್ಕಿನ ಮೌಂಟ್ ಸಿನಾಯ್ ಆಸ್ಪತ್ರೆಯ ಸಂಶೋಧಕರದು ಎಲ್ಲಕ್ಕಿಂತ ಬೋಧಪ್ರದವಾದದ್ದು. ಸೊಂಟದ ಇಪ್ಪತ್ತಮೂರು ಸಾವಿರಕ್ಕೂ ಹೆಚ್ಚು ಎಕ್ಸ್‌ರೇಗಳಿಂದ ಕಲಿತ ಅವರ ನರಜಾಲ ಮುರಿತವನ್ನು ಸಾಕಷ್ಟು ಚೆನ್ನಾಗಿಯೇ ಗುರುತಿಸುತ್ತಿತ್ತು; ಪರಿಪೂರ್ಣಕ್ಕೆ 1, ನಾಣ್ಯ ಚಿಮ್ಮಿ ಹೇಳಿದ ಉತ್ತರಕ್ಕೆ 0.5 ಎಂದು ಅಂಕ ಕೊಡುವ ಅಳತೆಯಲ್ಲಿ ಅದಕ್ಕೆ 0.78 ಸಿಕ್ಕಿತ್ತು. ಆದರೆ ಅದೇ ನರಜಾಲ ಚಿತ್ರವನ್ನು ನೋಡಿಯೇ ಅದನ್ನು ಯಾವ ಮಾದರಿಯ ಎಕ್ಸ್‌ರೇ ಯಂತ್ರದಲ್ಲಿ ತೆಗೆಯಲಾಗಿದೆ ಎಂಬುದನ್ನು ಹೆಚ್ಚುಕಡಿಮೆ ತಪ್ಪಿಲ್ಲದೆ ಹೇಳಬಲ್ಲದಾಗಿತ್ತು. ಸೊಂಟ ಮುರಿದವರು ಸಾಮಾನ್ಯವಾಗಿ ತುರ್ತು ವಿಭಾಗಕ್ಕೆ ಬರುತ್ತಾರೆ, ಅವರ ಚಿತ್ರವನ್ನು ಅಲ್ಲಿನ ಯಂತ್ರದಲ್ಲೇ ತೆಗೆಯುತ್ತಾರೆ, ಅವರ ವಯಸ್ಸೂ ಹೆಚ್ಚು. ಇವೆಲ್ಲವೂ ಚಿತ್ರದ ಮೇಲೆ ಬಿಟ್ಟ ಸೂಕ್ಷ್ಮ ಗುರುತುಗಳು ನರಜಾಲಕ್ಕೆ ಸುಳಿವಾಗಿದ್ದವು. ವಯಸ್ಸು, ಲಿಂಗ, ಎಕ್ಸ್‌ರೇ ಯಂತ್ರ, ಪರೀಕ್ಷೆಯ ತುರ್ತು ಮುಂತಾದವು ಎರಡೂ ಗುಂಪಿನಲ್ಲಿ ಸಮನಾಗಿರುವಂತೆ ಚಿತ್ರಗಳನ್ನು ಆರಿಸಿ ಮತ್ತೆ ಪರೀಕ್ಷಿಸಿದಾಗ ಅದರ ಅಂಕ 0.52ಕ್ಕೆ ಕುಸಿಯಿತು. ಪ್ರಶ್ನೆಯನ್ನೇ ಓದದೆ ಮೇಷ್ಟರ ಮುಖಭಾವ ನೋಡಿ ಉತ್ತರ ಹೇಳುತ್ತಿದ್ದ ಹುಡುಗ ಮೇಷ್ಟರು ಬದಲಾದೊಡನೆ ಸಿಕ್ಕಿಬಿದ್ದಂತೆ ಆಯಿತು ಇದು. 2019ರಲ್ಲಿ ಪ್ರಕಟವಾದ ಈ ಫಲಿತಾಂಶದ ನಂತರ, ಒಂದು ಆಸ್ಪತ್ರೆಯಲ್ಲಿ ಕಲಿತ ಯಂತ್ರವನ್ನು ಇನ್ನೊಂದು ಆಸ್ಪತ್ರೆಯ ಚಿತ್ರಗಳ ಮೇಲೆ ಪರೀಕ್ಷಿಸದೆ ನಂಬುವುದು ವೈಜ್ಞಾನಿಕವಾಗಿ ಸಮರ್ಥನೀಯವಲ್ಲ.

ಇದಕ್ಕಿಂತ ಸೂಕ್ಷ್ಮವಾದ ಎಚ್ಚರಿಕೆಯೊಂದು ಆಸ್ಟ್ರೇಲಿಯಾದ ಅಡಿಲೇಡ್‌ನಿಂದ ಬಂತು. ಅಲ್ಲಿನ ಸಂಶೋಧಕರು ತೊಡೆಮೂಳೆಯ ಮೇಲ್ತುದಿಯ ಮುರಿತಗಳಿಗಾಗಿ ರೂಪಿಸಿದ ವ್ಯವಸ್ಥೆ ಮೇಲೆ ಹೇಳಿದ ಅಳತೆಯಲ್ಲಿ 0.99ನ್ನೂ ದಾಟಿತ್ತು, ಎಂದರೆ ಪರಿಪೂರ್ಣಕ್ಕೆ ಕೂದಲೆಳೆಯ ಅಂತರ. ಹಾಗಿದ್ದೂ ಅದರ ತಪ್ಪುಗಳನ್ನು ಒಂದೊಂದಾಗಿ ತೆಗೆದು ನೋಡಿದ ಲೆಕ್ಕಪರಿಶೋಧನೆಯಲ್ಲಿ, ಪೇಗೆಟ್ ಕಾಯಿಲೆಯಂಥ ಕಾರಣಗಳಿಂದ ಮೊದಲೇ ವಿಕಾರಗೊಂಡಿದ್ದ ಮೂಳೆಗಳ ವಿಷಯದಲ್ಲಿ ಯಂತ್ರ ಹೆಚ್ಚು ಎಡವುತ್ತದೆ ಎಂಬುದು ಕಂಡುಬಂತು. ಪೇಗೆಟ್ ಕಾಯಿಲೆಯಲ್ಲಿ ಮೂಳೆ ಸವೆದು ಕಟ್ಟಿಕೊಳ್ಳುವ ಕ್ರಮ ತಪ್ಪಿ ಅದು ದಪ್ಪವಾಗಿ, ಒರಟಾಗಿ, ಬಾಗಿ ಬೆಳೆಯುತ್ತದೆ. ಒಟ್ಟು ಸರಾಸರಿಯಲ್ಲಿ ಇಂಥ ಕೆಲವೇ ರೋಗಿಗಳ ತಪ್ಪುಗಳು ಕಾಣಿಸಿಕೊಳ್ಳುವುದೇ ಇಲ್ಲ.

ಈ ಮಾತನ್ನು ಕರ್ನಾಟಕದ ಸಂದರ್ಭಕ್ಕೆ ತಂದು ನೋಡುವುದು ಅಗತ್ಯ, ಏಕೆಂದರೆ ಪೇಗೆಟ್ ಕಾಯಿಲೆ ಬ್ರಿಟಿಷ್ ಮೂಲದ ಜನರಲ್ಲಿ ಹೆಚ್ಚು, ಭಾರತದಲ್ಲಿ ವಿರಳ. ಆದರೆ ಇಲ್ಲಿ ಮೂಳೆಯ ರೂಪವನ್ನೇ ಬದಲಿಸುವ ಬೇರೆ ಕಾಯಿಲೆಗಳಿವೆ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡು ಎಂಬ ಹಳ್ಳಿಯಲ್ಲಿ 1970ರ ದಶಕದ ಮಧ್ಯದಲ್ಲಿ ವೈದ್ಯರ ಗಮನಕ್ಕೆ ಬಂದು, ಆ ಹಳ್ಳಿಯ ಹೆಸರಿನಿಂದಲೇ ವೈದ್ಯಗ್ರಂಥಗಳನ್ನು ಸೇರಿರುವ ವಂಶವಾಹಿ ಕಾಯಿಲೆಯಲ್ಲಿ ಸೊಂಟದ ಕೀಲುಗಳು ಎಳೆಯ ವಯಸ್ಸಿನಲ್ಲೇ ಸವೆದು ವಿಕಾರವಾಗುತ್ತವೆ, ಕೆಲವರಲ್ಲಿ ಬೆನ್ನುಮೂಳೆಯ ಮಣಿಗಳೂ ಚಪ್ಪಟೆಯಾಗಿ ದೇಹ ಕುಳ್ಳಾಗುತ್ತದೆ. ಪಾವಗಡ, ಮುಂಡರಗಿ, ಕೋಲಾರದ ಕಡೆಯ ಬಯಲುಸೀಮೆಯಲ್ಲಿ ಕೊಳವೆಬಾವಿಯ ನೀರಿನ ಫ್ಲೋರೈಡ್ ಅಂಶ ವರ್ಷಗಟ್ಟಲೆ ಮೈಸೇರಿದವರಲ್ಲಿ ಫ್ಲೋರೋಸಿಸ್ ಬಂದು ಮೂಳೆ ಎಕ್ಸ್‌ರೇಯಲ್ಲಿ ಅತಿಯಾಗಿ ಬೆಳ್ಳಗೆ, ದಟ್ಟವಾಗಿ ಕಾಣುತ್ತದೆ. ಮೂಳೆಗಳನ್ನು ಬಿಗಿದಿಡುವ ನಾರುಕಟ್ಟುಗಳೂ ಸುಣ್ಣಗಟ್ಟುತ್ತವೆ. ಯುರೋಪು ಅಮೆರಿಕಗಳ ನಗರಗಳ ಎಕ್ಸ್‌ರೇಗಳನ್ನು ನೋಡಿ ಬೆಳೆದ ನರಜಾಲ ಇಂಥ ಮೂಳೆಯನ್ನು ಎಂದೂ ಕಂಡಿರಲಾರದು. ಕಾಣದ್ದನ್ನು ಕಂಡಾಗ ಅನುಭವಿ ವೈದ್ಯರು ತಡೆದು ಯೋಚಿಸುತ್ತಾರೆ, ಹಿರಿಯರನ್ನು ಕೇಳುತ್ತಾರೆ. ಸಾಮಾನ್ಯ ನರಜಾಲವಾದರೋ ತನಗೆ ಗೊತ್ತಿಲ್ಲ ಎಂದು ಹೇಳುವುದನ್ನೇ ಕಲಿತಿರುವುದಿಲ್ಲ, ಎಂದಿನ ಧೈರ್ಯದಿಂದಲೇ ಒಂದು ಸಂಖ್ಯೆಯನ್ನು ಕೊಟ್ಟುಬಿಡುತ್ತದೆ.

ಕಲಿಕೆಯ ಆಕರವೇ ಎಲ್ಲವನ್ನೂ ನಿರ್ಧರಿಸುತ್ತದೆ ಎಂಬ ಈ ಸಂಗತಿ ಯಾವಾಗಲೂ ಕೆಡುಕನ್ನೇ ತರುವುದಿಲ್ಲ ಎಂಬುದಕ್ಕೆ ಮಂಡಿನೋವಿನ ಸಂಶೋಧನೆಯೊಂದು ಸಾಕ್ಷಿ. ಮಂಡಿಯ ಮೃದ್ವಸ್ಥಿ ಸವೆಯುವ ಕಾಯಿಲೆ ಎಷ್ಟು ಮುಂದುವರಿದಿದೆ ಎಂದು ಹೇಳಲು ವೈದ್ಯರು ಇಂದಿಗೂ ಬಳಸುವುದು ಕೆಲ್‌ಗ್ರೆನ್ ಮತ್ತು ಲಾರೆನ್ಸ್ ಎಂಬಿಬ್ಬರು 1957ರಲ್ಲಿ ಇಂಗ್ಲೆಂಡಿನಲ್ಲಿ ರೂಪಿಸಿದ, ಸೊನ್ನೆಯಿಂದ ನಾಲ್ಕರವರೆಗಿನ ದರ್ಜೆಗಳನ್ನು. ಕೀಲಿನ ಸಂದು ಎಷ್ಟು ಕಿರಿದಾಗಿದೆ, ಅಂಚಿನಲ್ಲಿ ಮೂಳೆಮುಳ್ಳು ಎಷ್ಟು ಬೆಳೆದಿದೆ ಎಂಬಂಥ ಲಕ್ಷಣಗಳ ಮೇಲೆ ಈ ದರ್ಜೆ ನಿಂತಿದೆ. ಅಮೆರಿಕದಲ್ಲಿ ಕಪ್ಪುವರ್ಣೀಯ ರೋಗಿಗಳು ಅದೇ ದರ್ಜೆಯ ಬಿಳಿಯರಿಗಿಂತ ಹೆಚ್ಚು ನೋವನ್ನು ಹೇಳಿಕೊಳ್ಳುತ್ತಿದ್ದರು. ಎಕ್ಸ್‌ರೇಯಲ್ಲಿ ಕಾರಣ ಕಾಣದಿದ್ದುದರಿಂದ ಆ ನೋವನ್ನು ಮನಸ್ಸಿನ ಒತ್ತಡದ, ಬದುಕಿನ ಬವಣೆಯ ಲೆಕ್ಕಕ್ಕೆ ಹಾಕುವುದು ವಾಡಿಕೆಯಾಗಿತ್ತು. 2021ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸಂಶೋಧಕರು ನರಜಾಲಕ್ಕೆ ವೈದ್ಯರು ಕೊಟ್ಟ ದರ್ಜೆಯನ್ನು ಕಲಿಸದೆ, ಅದೇ ಎಕ್ಸ್‌ರೇಯ ರೋಗಿ ತನ್ನ ನೋವು ಎಷ್ಟೆಂದು ಹೇಳಿದ್ದರೋ ಅದನ್ನೇ ಕಲಿಸಿದರು. ಫಲಿತಾಂಶ ಗಮನಾರ್ಹವಾಗಿತ್ತು: ಎರಡು ಗುಂಪುಗಳ ನೋವಿನ ವ್ಯತ್ಯಾಸದಲ್ಲಿ ಹಳೆಯ ದರ್ಜೆ ವಿವರಿಸಬಲ್ಲದ್ದು ಶೇ. 9ರಷ್ಟನ್ನು ಮಾತ್ರ, ನರಜಾಲದ ಅಂದಾಜು ವಿವರಿಸಿದ್ದು ಶೇ. 43ರಷ್ಟನ್ನು. ನೋವಿನ ಕಾರಣ ಮಂಡಿಯ ಒಳಗೇ, ಚಿತ್ರದಲ್ಲೇ ಇತ್ತು. ಹಳೆಯ ಅಳತೆಗೋಲಿಗೆ ಅದು ಸಿಕ್ಕಿರಲಿಲ್ಲ. ಯಾರಿಗೆ ಮಂಡಿ ಬದಲಾವಣೆ ಬೇಕು, ಯಾರಿಗೆ ಮಾತ್ರೆ ಸಾಕು ಎಂಬ ತೀರ್ಮಾನಕ್ಕೆ ಆ ದರ್ಜೆಯೂ ಒಂದು ಆಧಾರವಾಗಿರುವುದರಿಂದ ಇದು ಕೇವಲ ಪಾಂಡಿತ್ಯದ ಮಾತಲ್ಲ. ಮೂಳೆಚಿಕಿತ್ಸೆಯಲ್ಲಿ ಕೃತಕ ಬುದ್ಧಿಮತ್ತೆಯ ಅತ್ಯುತ್ತಮ ಬಳಕೆ ಯಾವುದೆಂದು ಕೇಳಿದರೆ ಯಾಂತ್ರಿಕ ತೋಳಿಗಿಂತ ಮೊದಲು ಈ ಅಧ್ಯಯನವನ್ನೇ ಹೆಸರಿಸಬೇಕಾಗುತ್ತದೆ.

ಇನ್ನು ಮಂಡಿ ಬದಲಾವಣೆಯ ಶಸ್ತ್ರಚಿಕಿತ್ಸೆಯೊಳಗೆ ಬುದ್ಧಿಮತ್ತೆ ಎಲ್ಲಿ ಕುಳಿತಿದೆ ಎಂಬ ಪ್ರಶ್ನೆ. ಜನ ‘ಮಂಡಿ ಚಿಪ್ಪು ಬದಲಾಯಿಸುವುದು’ ಎಂದು ಕರೆಯುವ ಈ ಚಿಕಿತ್ಸೆಯಲ್ಲಿ ನಿಜಕ್ಕೂ ಬದಲಾಗುವುದು ಮುಖ್ಯವಾಗಿ ಚಿಪ್ಪಲ್ಲ; ತೊಡೆಮೂಳೆಯ ಕೆಳತುದಿಯನ್ನೂ ಕಣಕಾಲಿನ ಮೂಳೆಯ ಮೇಲ್ತುದಿಯನ್ನೂ ಕೆಲವು ಮಿಲಿಮೀಟರ್‌ಗಳಷ್ಟು ಕೊಯ್ದು, ಅಲ್ಲಿಗೆ ಲೋಹದ ಹೊದಿಕೆಗಳನ್ನು ಕೂರಿಸಿ, ನಡುವೆ ಗಟ್ಟಿ ಪ್ಲಾಸ್ಟಿಕ್ಕಿನ ಪದರವನ್ನಿಡಲಾಗುತ್ತದೆ. ಕೊಯ್ತದ ಕೋನ ಎರಡು ಮೂರು ಡಿಗ್ರಿ ಹೆಚ್ಚುಕಡಿಮೆಯಾದರೆ ಕಾಲಿನ ಭಾರ ಬೀಳುವ ರೇಖೆ ಬದಲಾಗುತ್ತದೆ. ಕೆಲವು ಯಂತ್ರಗಳ ಬಳಕೆಯಲ್ಲಿ ಮೊದಲು ಕಾಲಿನ ಸಿ.ಟಿ. ಸ್ಕ್ಯಾನ್ ತೆಗೆದು, ಅದರ ನೂರಾರು ಅಡ್ಡಸೀಳು ಚಿತ್ರಗಳಲ್ಲಿ ಮೂಳೆಯ ಅಂಚನ್ನು ಗುರುತಿಸಿ, ಮೂರು ಆಯಾಮದ ಮಾದರಿಯನ್ನು ಕಟ್ಟುತ್ತಾರೆ. ತಂತ್ರಜ್ಞರು ಕೈಯಾರೆ ಗೆರೆ ಎಳೆಯುತ್ತ ತಾಳ್ಮೆಯಿಂದ ಮಾಡಬೇಕಾಗಿದ್ದ ಈ ಬಿಡಿಸುವ ಕೆಲಸವನ್ನು ನರಜಾಲ ಈಗ ಬಹಳ ಬೇಗ ಮುಗಿಸುತ್ತದೆ. ಯಾವ ಅಳತೆಯ ಕೀಲು ಹೊಂದೀತು ಎಂಬ ಸೂಚನೆಯನ್ನೂ ಕೊಡುತ್ತದೆ. ಆ ಸೂಚನೆಯನ್ನು ತಿದ್ದಿ ಒಪ್ಪುವುದು ಶಸ್ತ್ರಚಿಕಿತ್ಸಕರ ಹೊಣೆ.

ಆಪರೇಷನ್ ಥಿಯೇಟರಿನೊಳಗೆ ಮೂಳೆಗೆ ಚಿಕ್ಕ ಕಡ್ಡಿಗಳ ಮೂಲಕ ಗುರುತುಫಲಕಗಳನ್ನು ಸಿಕ್ಕಿಸಿ, ಅವನ್ನು ಕ್ಯಾಮೆರಾ ನೋಡುತ್ತಿರುವಂತೆ ಮಾಡಿ, ಮೂಳೆಯ ಮೇಲಿನ ಹಲವು ಬಿಂದುಗಳನ್ನು ಶಸ್ತ್ರಚಿಕಿತ್ಸಕರು ಮುಟ್ಟಿ ತೋರಿಸಿದ ಮೇಲೆ ಕಂಪ್ಯೂಟರಿನ ಮಾದರಿಗೂ ಮೇಜಿನ ಮೇಲಿರುವ ಕಾಲಿಗೂ ತಾಳೆಯಾಗುತ್ತದೆ. ಅಮೆರಿಕದ ಸ್ಟ್ರೈಕರ್ ಕಂಪನಿ 2013ರಲ್ಲಿ ಕೊಂಡುಕೊಂಡ ‘ಮೇಕೊ’ ಯಂತ್ರದಲ್ಲಿ ಗರಗಸವನ್ನು ಹಿಡಿದು ನಡೆಸುವುದು ಶಸ್ತ್ರಚಿಕಿತ್ಸಕರ ಕೈಯೇ. ಯೋಜನೆಯ ಗಡಿಯನ್ನು ಮುಟ್ಟಿದೊಡನೆ ತೋಳು ಅದನ್ನು ಮುಂದೆ ಹೋಗಗೊಡುವುದಿಲ್ಲ. ದಕ್ಷಿಣ ಕೊರಿಯಾದ ‘ಕ್ಯುವಿಸ್’ನಂಥ ಯಂತ್ರಗಳು ಶಸ್ತ್ರಚಿಕಿತ್ಸಕರ ಮೇಲ್ವಿಚಾರಣೆಯಲ್ಲಿ ಕೊಯ್ತವನ್ನು ತಾವೇ ಮಾಡುತ್ತವೆ, ಆದರೆ ಅವೂ ಮೊದಲೇ ಒಪ್ಪಿಗೆಯಾದ ಯೋಜನೆಯನ್ನು ಬಿಟ್ಟು ಕದಲುವುದಿಲ್ಲ. ಈ ಪರಂಪರೆಯ ಮೂಲಪುರುಷ ‘ರೋಬೋಡಾಕ್’. ಹಾವರ್ಡ್ ಪಾಲ್ ಎಂಬ ಪಶುವೈದ್ಯರೂ ವಿಲಿಯಂ ಬಾರ್ಗರ್ ಎಂಬ ಮೂಳೆ ಶಸ್ತ್ರಚಿಕಿತ್ಸಕರೂ ಐಬಿಎಂ ಕಂಪನಿಯ ನೆರವಿನಿಂದ ರೂಪಿಸಿ, ಮೊದಲು ನಾಯಿಗಳ ಸೊಂಟದ ಮೇಲೆ ಪ್ರಯೋಗಿಸಿ, 1992ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ನಗರದಲ್ಲಿ ಮನುಷ್ಯರಿಗೆ ಬಳಸಿದ ಯಂತ್ರ ಅದು.

ಯಾಂತ್ರಿಕ ತೋಳು ಯೋಜನೆಗೆ ಹೆಚ್ಚು ನಿಖರವಾಗಿ ಬದ್ಧವಾಗಿರುತ್ತದೆ ಎಂಬುದಕ್ಕೆ ಸಾಕ್ಷ್ಯ ಹೇರಳವಾಗಿದೆ. ರೋಗಿಯ ನಡಿಗೆ, ನೋವು, ಕೀಲಿನ ಬಾಳಿಕೆ ಅದರಿಂದ ಉತ್ತಮವಾಗುತ್ತವೆಯೇ ಎಂಬುದಕ್ಕೆ ಸಿಗುವ ಉತ್ತರ ಅಷ್ಟು ಉತ್ಸಾಹದಾಯಕವಲ್ಲ. ದಕ್ಷಿಣ ಕೊರಿಯಾದಲ್ಲಿ ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪಾಗಿ ಹಂಚಿ, ಒಂದು ಗುಂಪಿಗೆ ರೋಬೋಡಾಕ್ ನೆರವಿನಿಂದಲೂ ಇನ್ನೊಂದಕ್ಕೆ ಎಂದಿನ ರೀತಿಯಲ್ಲೂ ಮಂಡಿ ಬದಲಿಸಿ, ಕನಿಷ್ಠ ಹತ್ತು ವರ್ಷ ಅವರನ್ನು ಗಮನಿಸಿದ ಪ್ರಯೋಗದ ಫಲಿತಾಂಶ 2020ರಲ್ಲಿ ಹೊರಬಂದಾಗ, ಎರಡೂ ಗುಂಪುಗಳ ನಡುವೆ ಕಾರ್ಯಕ್ಷಮತೆಯಲ್ಲಾಗಲಿ ಬಾಳಿಕೆಯಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಆ ಯಂತ್ರ ಹಳೆಯ ತಲೆಮಾರಿನದು, ಹೊಸವು ಭಿನ್ನ ಎಂಬ ವಾದವಿದೆ. ಅದು ಸರಿಯಿರಬಹುದು, ಆದರೆ ಹೊಸ ಯಂತ್ರಗಳ ಮೇಲೆ ಅಷ್ಟೇ ದೀರ್ಘಕಾಲದ ಪುರಾವೆ ಸಿಗಬೇಕಾದರೆ ಅಷ್ಟೇ ಕಾಲ ಕಾಯಬೇಕು. ಭಾರತದಲ್ಲಿ ಕೃತಕ ಮಂಡಿಗಳ ಬೆಲೆಗೆ ಸರ್ಕಾರ 2017ರ ಆಗಸ್ಟ್‌ನಲ್ಲಿ ಮಿತಿ ಹಾಕಿತು. ಆ ಮಿತಿ ಕೀಲಿಗೆ ಅನ್ವಯಿಸುತ್ತದೆಯೇ ಹೊರತು ಅದನ್ನು ಕೂರಿಸಲು ಬಳಸುವ, ಕೋಟಿಗಟ್ಟಲೆ ಬೆಲೆಯ ಯಾಂತ್ರಿಕ ತೋಳಿನ ಶುಲ್ಕಕ್ಕಲ್ಲ ಎಂಬುದನ್ನು ಫಲಕಗಳನ್ನು ನೋಡುವವರು ಮರೆಯಬಾರದು.

ಮಂಡಿ ಬದಲಾಯಿಸಿಕೊಂಡವರಲ್ಲಿ ಹೆಚ್ಚುಕಡಿಮೆ ಐದರಲ್ಲಿ ಒಬ್ಬರು ಪೂರ್ತಿ ತೃಪ್ತರಾಗಿರುವುದಿಲ್ಲ ಎಂಬುದು ಈ ಕ್ಷೇತ್ರದ ಹಳೆಯ ಒಗಟು. ಕೊಯ್ತದಲ್ಲಿ ತಪ್ಪಿಲ್ಲದಿದ್ದರೂ ಹೀಗಾಗುವುದಕ್ಕೆ ಗುರಿಯೇ ತಪ್ಪಿರಬಹುದು ಎಂಬ ಅನುಮಾನ ಬಲವಾಗಿದೆ. ಸೊಂಟದಿಂದ ಪಾದದ ಗಂಟಿನವರೆಗೆ ಕಾಲು ನೇರವಾಗಿರಬೇಕು ಎಂಬುದು ದೀರ್ಘಕಾಲ ಪ್ರಶ್ನಾತೀತ ಗುರಿಯಾಗಿತ್ತು. 2012ರಲ್ಲಿ ಬೆಲ್ಜಿಯಂನ ಸಂಶೋಧಕರು ಯಾವ ತೊಂದರೆಯೂ ಇಲ್ಲದ ಯುವಜನರ ಕಾಲುಗಳನ್ನು ಅಳೆದಾಗ ಗಂಡಸರಲ್ಲಿ ಶೇ. 32, ಹೆಂಗಸರಲ್ಲಿ ಶೇ. 17 ಮಂದಿಯ ಕಾಲುಗಳು ಸಹಜವಾಗಿಯೇ ಮೂರು ಡಿಗ್ರಿ ಅಥವಾ ಹೆಚ್ಚು ಹೊರಬಾಗಿದ್ದವು. ಅಂಥವರ ಕಾಲನ್ನು ಮುಪ್ಪಿನಲ್ಲಿ ನೇರ ಮಾಡುವುದು ಅವರಿಗೆ ಪರಕೀಯವಾಗಬಹುದು. ಆದ್ದರಿಂದ ಪ್ರತಿ ರೋಗಿಗೂ ಅವರದೇ ಆದ ಕೋನ ಯಾವುದೆಂದು ಹಿಂದಿನ ಸಾವಿರಾರು ಶಸ್ತ್ರಚಿಕಿತ್ಸೆಗಳ ಫಲಿತಾಂಶದಿಂದ ಕಲಿಯುವ ಪ್ರಯತ್ನ ನಡೆದಿದೆ, ಮತ್ತು ತೋಳಿಗೂ ಬುದ್ಧಿಮತ್ತೆಗೂ ನಿಜವಾದ ಕೂಡುವಿಕೆ ಆಗಬಹುದಾದದ್ದು ಇಲ್ಲಿಯೇ. ಆದರೆ ಫಲಿತಾಂಶವೆಂದು ಯಾವುದನ್ನು ಎಣಿಸಲಾಗುತ್ತಿದೆ ಎಂಬುದು ಮತ್ತೆ ಮುಖ್ಯವಾಗುತ್ತದೆ. ಮೆಟ್ಟಿಲು ಹತ್ತುವುದು, ಕಾರಿನಿಂದ ಇಳಿಯುವುದು ಮುಂತಾದವನ್ನು ಕೇಳುವ ಪಾಶ್ಚಾತ್ಯ ಪ್ರಶ್ನಾವಳಿಗಳಿಂದ ಕಲಿತ ಯಂತ್ರಕ್ಕೆ, ಊಟದ ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂರುವುದು, ಕುಕ್ಕರಗಾಲಿನಲ್ಲಿ ಕೂತು ಕಳೆ ಕೀಳುವುದು ಒಬ್ಬರ ಬದುಕಿನಲ್ಲಿ ಎಷ್ಟು ತೂಕದ ಸಂಗತಿಗಳೆಂಬುದು ಗೊತ್ತಾಗುವ ದಾರಿಯಿಲ್ಲ.

ಇತರ ಬಳಕೆಗಳನ್ನು ಚಿಕ್ಕದಾಗಿ ಹೇಳಬಹುದು. ಬೆನ್ನುಮೂಳೆಯ ಮಣಿಗಳಿಗೆ ತಿರುಪು ಹಾಕುವಾಗ ಅದು ಬೆನ್ನುಹುರಿಯ ಕಡೆಗೆ ಸರಿಯದಂತೆ ದಾರಿ ತೋರುವ ಯಂತ್ರಗಳಿವೆ. ಕ್ಯಾನ್ಸರ್ ಮೂಳೆಗೆ ಹರಡಿದವರಲ್ಲಿ ಮೂರು ತಿಂಗಳು ಅಥವಾ ಒಂದು ವರ್ಷ ಬದುಕುವ ಸಂಭವವನ್ನು ಅಂದಾಜಿಸಿ, ದೊಡ್ಡ ಶಸ್ತ್ರಚಿಕಿತ್ಸೆಯ ಯಾತನೆಗೆ ಅರ್ಥವಿದೆಯೇ ಎಂದು ಯೋಚಿಸಲು ನೆರವಾಗುವ ಲೆಕ್ಕಾಚಾರಗಳನ್ನು ಬಾಸ್ಟನ್ ನಗರದ ಸಂಶೋಧಕರು ರೂಪಿಸಿದ್ದಾರೆ. ಹಳೆಯ ಕೃತಕ ಕೀಲು ಸಡಿಲವಾಗಿ ಮತ್ತೆ ಬದಲಿಸಬೇಕಾದಾಗ, ಕಡತ ಕಳೆದುಹೋಗಿದ್ದರೆ ಅದು ಯಾವ ಕಂಪನಿಯ ಯಾವ ಮಾದರಿ ಎಂಬುದೇ ತಿಳಿಯುವುದಿಲ್ಲ, ತಿಳಿಯದಿದ್ದರೆ ಅದನ್ನು ಬಿಚ್ಚಲು ಬೇಕಾದ ಸಲಕರಣೆ ತರಿಸಲಾಗುವುದಿಲ್ಲ. ಎಕ್ಸ್‌ರೇಯ ಆಕಾರದಿಂದಲೇ ಮಾದರಿಯನ್ನು ಹೇಳಬಲ್ಲ ನರಜಾಲಗಳು ಈ ಸಣ್ಣ, ನಿಜವಾದ ಕಷ್ಟಕ್ಕೆ ಪರಿಹಾರವಾಗಬಲ್ಲವು. 2021ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಒಂದು ಕೃತಕ ಮಂಡಿಯೊಳಗೆ ಸಂವೇದಕವೇ ಇದ್ದು, ರೋಗಿ ದಿನಕ್ಕೆ ಎಷ್ಟು ಹೆಜ್ಜೆ ಹಾಕಿದರು, ಮಂಡಿ ಎಷ್ಟು ಮಡಚಿತು ಎಂಬುದನ್ನು ಅದು ವೈದ್ಯರಿಗೆ ಕಳುಹಿಸುತ್ತದೆ.

ಯಂತ್ರದ ನೆರವು ದಿನಚರಿಯಾದಾಗ ಮನುಷ್ಯರ ಕಣ್ಣಿಗೆ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಸ್ತನದ ಎಕ್ಸ್‌ರೇಗಳನ್ನು ಓದುವವರ ಮೇಲೆ ನಡೆದ ಜರ್ಮನಿಯ ಪ್ರಯೋಗವೊಂದು 2023ರಲ್ಲಿ ಮುಂದಿಟ್ಟಿತು. ಯಂತ್ರ ತಪ್ಪು ಸೂಚನೆ ಕೊಟ್ಟಾಗ, ಬಹಳ ಅನುಭವವಿದ್ದ ತಜ್ಞರ ಸರಿಯುತ್ತರಗಳೂ ಶೇ. 82ರಿಂದ ಸುಮಾರು 45ಕ್ಕೆ ಇಳಿದವು. ಹೊಸಬರದು ಇನ್ನೂ ಕೆಳಗಿಳಿಯಿತು. ಮೂಳೆಚಿತ್ರಗಳಿಗೂ ಇದು ಅನ್ವಯಿಸುವುದಿಲ್ಲ ಎಂದು ಭಾವಿಸಲು ಕಾರಣವಿಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿಪಾಳಿಯ ಕಿರಿಯ ವೈದ್ಯರಿಗೆ ಇಂಥ ಸಾಧನ ಎಲ್ಲರಿಗಿಂತ ಹೆಚ್ಚು ಉಪಯುಕ್ತ ಎಂಬುದು ನಿಜ, ಅದರ ತಪ್ಪಿಗೆ ಎಲ್ಲರಿಗಿಂತ ಹೆಚ್ಚು ಬಲಿಯಾಗಬಹುದಾದವರೂ ಅವರೇ. ವೈದ್ಯರು ಮೊದಲು ತಮ್ಮ ಅಭಿಪ್ರಾಯವನ್ನು ದಾಖಲಿಸಿ, ಆಮೇಲೆ ಯಂತ್ರದ ಚೌಕವನ್ನು ತೆರೆದು ನೋಡುವ ಕ್ರಮವಿಟ್ಟರೆ ಈ ಅಪಾಯ ಕಡಿಮೆಯಾಗುತ್ತದೆ. ಅದಕ್ಕೆ ತಗಲುವುದು ಸ್ವಲ್ಪ ಹೆಚ್ಚಿನ ಸಮಯ ಮಾತ್ರ, ಆದರೆ ಸಮಯ ಉಳಿಸುವುದಕ್ಕೆಂದೇ ಕೊಂಡ ಸಾಧನದಿಂದ ಆಡಳಿತ ಮಂಡಳಿಗಳು ಅದನ್ನು ನಿರೀಕ್ಷಿಸುವುದಿಲ್ಲ.

ಭಾರತದಲ್ಲಿ ಚಿಕಿತ್ಸೆಗೆ ಬಳಸುವ ಸಾಫ್ಟ್‌ವೇರು 2020ರ ಏಪ್ರಿಲ್‌ನಿಂದ ವೈದ್ಯಕೀಯ ಸಾಧನಗಳ ಕಾನೂನಿನ ವ್ಯಾಪ್ತಿಗೆ ಬಂದಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2023ರಲ್ಲಿ ಹೊರಡಿಸಿದ ನೈತಿಕ ಮಾರ್ಗಸೂಚಿಗಳು ರೋಗಿಯ ಒಪ್ಪಿಗೆ, ಮಾಹಿತಿಯ ಗೋಪ್ಯತೆ, ಪಕ್ಷಪಾತವಿಲ್ಲದಿರುವಿಕೆ, ಹೊಣೆಗಾರಿಕೆ ಇವುಗಳನ್ನು ಒತ್ತಿಹೇಳುತ್ತವೆ. ಇವುಗಳ ಜೊತೆಗೆ ಬೇಕಾಗಿರುವುದು ಸ್ಥಳೀಯ ಪರೀಕ್ಷೆ. ವಿದೇಶದಲ್ಲಿ ಅನುಮತಿ ಪಡೆದ ಸಾಫ್ಟ್‌ವೇರನ್ನು ಕೊಳ್ಳುವ ಮೊದಲು ಆಸ್ಪತ್ರೆಯೊಂದು ತನ್ನಲ್ಲಿ ಕಳೆದ ವರ್ಷ ತೆಗೆದ ಎಕ್ಸ್‌ರೇಗಳನ್ನೇ ಹೆಸರು ಅಳಿಸಿ ಅದಕ್ಕೆ ತೋರಿಸಿ, ಅಂತಿಮವಾಗಿ ಖಚಿತವಾದ ರೋಗನಿರ್ಣಯದೊಂದಿಗೆ ಹೋಲಿಸಿ, ಫ್ಲೋರೋಸಿಸ್‌ನಂಥ ಕಾಯಿಲೆ ಇರುವವರ ಫಲಿತಾಂಶವನ್ನು ಸರಾಸರಿಯಲ್ಲಿ ಮುಳುಗಿಸದೆ ಬೇರೆಯಾಗಿ ಬರೆದಿಡಬಹುದು. ಅದಕ್ಕೆ ಹೊಸ ಯಂತ್ರ ಬೇಕಿಲ್ಲ. ಕಡತಗಳು ಸರಿಯಾಗಿರಬೇಕು, ಇಬ್ಬರು ಹಿರಿಯ ಮೂಳೆ ವೈದ್ಯರಿಗೆ ಕೆಲವು ವಾರ ಬಿಡುವು ಮಾಡಿಕೊಡಬೇಕು, ಮತ್ತು ಫಲಿತಾಂಶ ಚೆನ್ನಾಗಿಲ್ಲದಿದ್ದರೆ ಕೊಳ್ಳುವುದಿಲ್ಲ ಎಂಬ ಮಾತನ್ನು ಕಂಪನಿಯೊಂದಿಗಿನ ಒಪ್ಪಂದದಲ್ಲಿ ಮೊದಲೇ ಬರೆಸಿರಬೇಕು.